ಶೂನ್ಯ ಗಣದವರು

ಅನುರಾಧಾ ಮೇಡಂ ಇವತ್ತು ಕಾಲೇಜಿಗೆ ಬರದಿದ್ದರೆ ಚಲೋ ಆಗುತ್ತಿತ್ತು ಎಂದು ಸಂಖದ ಸ್ಟ್ಯಾಂಡಿನಲ್ಲಿ ಎಸ್ಟಿ ಬಸ್ಸು ಹತ್ತುವಾಗ ದಿಲಶಾದಳಿಗೆ ಅನ್ನಿಸಿತು. ಅನ್ನಿಸಿದ್ದೇ ತಡ, ಎಂಥದ್ದನ್ನು ಬಯಸಿಬಿಟ್ಟೆನಲ್ಲ ಎಂದು ನಾಚಿಕೆಯಾಯಿತು. ಮೇಡಂಗೆ ಜ್ವರ ಬರಲಿ ಎಂದೇನೂ ಅವಳು ಬಯಸಿರಲಿಲ್ಲ. ಬಾಲಗಾಂವದಿಂದ ಬರುವ ಅವರ ಗಾಡಿ ತಪ್ಪಲಿ, ಇಲ್ಲ ಮನೆಗೆ ಬೀಗರು ಯಾರಾದರೂ ಬಂದು ಕುಳಿತುಬಿಡಲಿ, ಅಷ್ಟಾದರೆ ಸಾಕಿತ್ತು. ಆಗ ಮಧ್ಯಾಹ್ನ ಸೋಮನಾಥ ಸರ್ ಅವರ ಖೋಲಿಯಲ್ಲಿ ತಾನು ಏನೇ ಹೇಳಿದರೂ, ಹೇಳಿ ಹೊರಗೆ ಬಂದಾಗ ವರಾಂಡದಲ್ಲಿ ಆ ಮುಖವನ್ನು ನೋಡಬೇಕಾಗುವುದಿಲ್ಲ. ಸೋಮನಾಥ ಸರ್ ಗಣಿತ ವಿಭಾಗಕ್ಕೆ ಹಿರಿಯರು, ಕಾಯಂ ನೌಕರಿಯವರು. ಅನುರಾಧಾ ಮೇಡಂದು ತಾಸಿನ ಲೆಕ್ಕದ ನೌಕರಿ. ಪ್ರತಿ ಜೂನಿಗೆ ಅವರನ್ನು ಇಟ್ಟುಕೊಳ್ಳುವುದೋ ಬಿಡುವುದೋ ಎಂದು ಕಾಲೇಜಿನವರು ಹೊಸದಾಗಿ ಯೋಚನೆ ಮಾಡುತ್ತಾರೆ. ನಿನ್ನೆ ಸರ್ ಅವಳನ್ನು ಜಿನೆಯ ಮೆಟ್ಟಿಲ ಹತ್ತಿರ ನಿಲ್ಲಿಸಿ, ನಾಳೆ ಮಧ್ಯಾಹ್ನ ನೀನು, ನಿನ್ನ ತರಗತಿಯ ಶಿವಪುತ್ರ ಇಬ್ಬರೂ ಬನ್ನಿ, ಮೇಡಂ ಹೇಗೆ ಕಲಿಸುತ್ತಾರೆಂದು ಖುಲ್ಲಾ ಹೇಳಿ, ಹೆದರಬೇಡಿ ಎಂದು ಮರಾಠಿಯಲ್ಲಿ ಹೇಳಿದ್ದರು. ಹಾಗೆ ಹೇಳುವಾಗ ಅವರು ಅವಳ ಬೆನ್ನು ತಟ್ಟುವುದೊಂದು ಬಾಕಿ ಇತ್ತು.

ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಗಾಡಿ ಊರು ಬಿಟ್ಟ ಮೇಲೆ ಬೆಳಗಿನ ಬಿಸಿಲು ಬೋಳು ಹೊಲಗಳ ಮೇಲೆ ಹರಿದು, ಬಾಂದಿನ ಜಾಲಿಗಿಡಗಳ ನೆರಳು ಉದ್ದಕ್ಕೆ ಬಿದ್ದಿತ್ತು. ಅವಳು ರೂಢಿಯಂತೆ ಓಢಣಿಯ ಮೇಲಿನ ಹತ್ತಿಯ ಎಳೆಗಳನ್ನು ಒಂದೊಂದಾಗಿ ಆರಿಸಿ ಕಿಟಕಿಯಾಚೆ ಬಿಡತೊಡಗಿದಳು. ಅಬ್ಬಾನದು ಗಾದಿಯ ಅಂಗಡಿ. ಮನೆಯ ಮುಂದಿನ ಖೋಲಿಯಲ್ಲೇ ಹತ್ತಿ ಹಿಂಜುವ ಯಂತ್ರ. ಎಷ್ಟು ಝಾಡಿಸಿದರೂ ಅದು ಹುಬ್ಬಿನಲ್ಲಿ, ಚೀಲದ ಹೊಲಿಗೆಯಲ್ಲಿ, ಚಪ್ಪಲಿಯ ಬಾರಿನಲ್ಲಿ ಕುಳಿತು ಅವಳ ಜೊತೆ ಜತ್ತದ ಕಾಲೇಜಿಗೆ ಬರುತ್ತಿತ್ತು. ಕಾಲೇಜಿನ ಮೊದಲನೆಯ ವರ್ಷ ಹಿಂದಿನ ಬೆಂಚಿನ ಯಾವನೋ ಅದನ್ನು ಕಂಡು 'ಕಾಪೂಸ್' ಎಂದು ಕರೆದ. ಮರಾಠಿಯಲ್ಲಿ ಹತ್ತಿಗೆ ಹಾಗೆನ್ನುತ್ತಾರೆ. ಅಲ್ಲಿಂದ ಅದೇ ಅವಳ ಹೆಸರಾಯಿತು. ಹಾಜರಿ ಕರೆಯುವಾಗ ದಿಲಶಾದ ಎಂದರೆ ಯಾರದೋ ಹೆಸರು ಕೇಳಿದಂತೆ ಕೆಲವರು ತಿರುಗಿ ನೋಡುತ್ತಿದ್ದರು. ಅದಕ್ಕೆ ಅವಳು ಸಿಟ್ಟಾದವಳೂ ಅಲ್ಲ. ಹತ್ತನೆಯ ತನಕ ಕನ್ನಡ ಸಾಲಿಯಲ್ಲಿ ಕಲಿತು ಬಂದವಳಿಗೆ ಪುಸ್ತಕ ಇಂಗ್ಲಿಷು, ಪಾಠ ಮರಾಠಿ. ಬಾಯಿ ತೆರೆಯುವ ಮೊದಲು ಎರಡು ಹೊಸ್ತಿಲು ದಾಟಬೇಕು. ದಾಟುವುದರೊಳಗೆ ಮಾತು ಮುಂದೆ ಹೋಗಿರುತ್ತಿತ್ತು. ಹಾಗಾಗಿ ಸುಮ್ಮನೆ ಕುಳಿತು ಲೆಕ್ಕ ಬಿಡಿಸುವುದನ್ನು ರೂಢಿ ಮಾಡಿಕೊಂಡಳು. ಲೆಕ್ಕ ಯಾವ ಭಾಷೆಯನ್ನೂ ಕೇಳುತ್ತಿರಲಿಲ್ಲ.

ಮೂರನೆಯ ವರ್ಷಕ್ಕೆ ಬಂದಾಗ ಆ ನೆಮ್ಮದಿ ಹೋಯಿತು. ಲೆಕ್ಕಗಳೇ ಕಡಿಮೆಯಾದವು, ಎಲ್ಲವನ್ನೂ ನಿಜವೆಂದು ಸಿದ್ಧ ಮಾಡಿ ತೋರಿಸಬೇಕು. ಕಣ್ಣಿಗೆ ಕಾಣುವುದನ್ನೂ ಸಿದ್ಧ ಮಾಡಬೇಕು, ಕಾಣದಿರುವುದನ್ನಂತೂ ಬಿಡುವ ಹಾಗೇ ಇಲ್ಲ. ಕಾಜಲ್ ಅವಳ ಪಕ್ಕ ಕೂಡ್ರುವ ಗೆಳತಿ, ಜತ್ತದವಳೇ. ಅವಳು ಪ್ರಮೇಯಗಳನ್ನೆಲ್ಲ ಭಜನೆಯ ಹಾಗೆ ಬಾಯಿಪಾಠ ಮಾಡುತ್ತಿದ್ದಳು. ದಿಲಶಾದಳಿಗೆ ಅದು ಆಗಲಿಲ್ಲ. ಒಂದು ಸಾಲಿನಿಂದ ಮುಂದಿನ ಸಾಲಿಗೆ ಯಾಕೆ ಹೋದೆವು ಎಂದು ತಿಳಿಯದಿದ್ದರೆ ಅವಳಿಗೆ ಆ ಸಾಲೇ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಅದನ್ನು ಮೊದಲು ಗಮನಿಸಿದವರು ಅನುರಾಧಾ ಮೇಡಂ. ಒಮ್ಮೆ ಅವಳ ಬೆಂಚಿನ ಹತ್ತಿರ ಬಂದು, ತರಗತಿಗೆಲ್ಲ ಕೇಳುವಂತಲ್ಲ, ಅವಳೊಬ್ಬಳಿಗೇ ಕನ್ನಡದಲ್ಲಿ, "ತಿಳೀಲಿಲ್ಲಂದ್ರ ಕೇಳಬೇಕವ್ವಾ. ನಿನ್ನ ಮಾರಿ ನೋಡಿದ್ರ ಗೊತ್ತಾಗತೈತಿ ನನಗ," ಎಂದಿದ್ದರು. ಆ ಮಾತನ್ನು ಅವಳು ಬಹಳ ದಿನ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ಹೋದ ವಾರ ಅವಳು ಕೇಳಿದ್ದಕ್ಕೆ ಆ ಮಾತೂ ಒಂದು ಕಾರಣವಾಗಿರಬೇಕು. ಹಾಗೆಂದುಕೊಂಡಾಗ ಒಂದು ಕ್ಷಣ ಹಗುರವೆನಿಸಿತು. ಮರುಕ್ಷಣವೇ, ತಪ್ಪಿನ ಗಂಟನ್ನು ಅವರ ತಲೆಯ ಮೇಲೇ ಹೊರಿಸುತ್ತಿದ್ದೇನಲ್ಲ ಎನಿಸಿತು.

ಹೋದ ವಾರ ನಡೆದದ್ದು ಇಷ್ಟು. ಮೇಡಂ ಓಪನ್ ಸೆಟ್ ಎಂದರೇನೆಂದು ಹೇಳಿದ್ದರು. ಒಂದು ಗಣದಲ್ಲಿರುವ ಪ್ರತಿಯೊಂದು ಬಿಂದುವಿಗೂ ಅದರ ಸುತ್ತ, ಎಷ್ಟೇ ಸಣ್ಣದಿರಲಿ, ಆ ಗಣದೊಳಗೇ ಒಂದಿಷ್ಟು ಜಾಗ ಇದ್ದರೆ ಅದು ಓಪನ್. ತುಂಬಿದ ಎಸ್ಟಿಯಲ್ಲಿ ಕಂಬಿಗೆ ಒತ್ತಿ ನಿಂತವರಿಗೆ ಅಂಥ ಜಾಗ ಇರುವುದಿಲ್ಲ, ಬಯಲಲ್ಲಿ ಕುಳಿತವರಿಗೆ ಇರುತ್ತದೆ ಎಂದು ದಿಲಶಾದ ತನ್ನ ಮಟ್ಟಿಗೆ ತಿಳಿದುಕೊಂಡಿದ್ದಳು. ಆಮೇಲೆ ಮೇಡಂ, ಎಂಪ್ಟಿ ಸೆಟ್ಟೂ ಓಪನ್ ಎಂದರು. ಒಂದೂ ಬಿಂದುವಿಲ್ಲದ ಗಣ ಅದು; ಅವಳ ಕನ್ನಡ ಸಾಲಿಯ ಪುಸ್ತಕದಲ್ಲಿ ಅದಕ್ಕೆ ಶೂನ್ಯ ಗಣ ಎಂದಿತ್ತು. ಅದರಲ್ಲಿ ಬಿಂದುವೇ ಇಲ್ಲ, ಹಾಗಾಗಿ ನಿಯಮ ಮುರಿಯುವವರೂ ಇಲ್ಲ, ಪ್ರತಿಯೊಂದು ಬಿಂದುವಿಗೂ ಜಾಗ ಇದೆ ಎನ್ನುವ ಮಾತು ನಿಜವೇ ಆಯಿತು ಎಂದು ಹೇಳಿ ಮೇಡಂ ಕೆಳಗೆ ಗೆರೆ ಎಳೆದರು. ದಿಲಶಾದ ಎದ್ದು ನಿಂತಳು. ತಾನು ಎದ್ದು ನಿಂತದ್ದು ಅವಳಿಗೇ ಆಮೇಲೆ ತಿಳಿಯಿತು. ಮರಾಠಿಯ ಮಾತು ಎಂದೂ ಬರದಷ್ಟು ಸರಾಗವಾಗಿ ಬಂತು. ಮೇಡಂ, ಇದೇ ರೀತಿಯಲ್ಲಿ ಎಂಪ್ಟಿ ಸೆಟ್ಟಿನ ಯಾವ ಬಿಂದುವಿಗೂ ಜಾಗ ಇಲ್ಲ ಅಂತಲೂ ಅನ್ನಬಹುದು. ಅದನ್ನೂ ಸುಳ್ಳು ಮಾಡುವವರು ಯಾರೂ ಇಲ್ಲವಲ್ಲ. ಹಾಗಾದರೆ ಅದು ಓಪನ್ ಅಲ್ಲ ಅಂದ ಹಾಗಾಯಿತು. ನೀವು ಎರಡನ್ನೂ ಸಿದ್ಧ ಮಾಡಿದಿರಿ, ಅಂದರೆ ಯಾವುದನ್ನೂ ಮಾಡಲಿಲ್ಲ.

ಕಡೆಯ ಆ ಮಾತು ಬೇಕಿರಲಿಲ್ಲ. ಅದು ಪ್ರಶ್ನೆಯಾಗಿರಲಿಲ್ಲ, ಹೊಡೆತವಾಗಿತ್ತು. ತರಗತಿ ಬೆಂಚು ಬಡಿಯತೊಡಗಿತು. ಹಿಂದಿನಿಂದ ಯಾರೋ ದಿಲಶಾದ, ದಿಲಶಾದ ಎಂದು ಕೂಗಿದರು. ಅವಳ ನಿಜವಾದ ಹೆಸರು ಆ ಖೋಲಿಯಲ್ಲಿ ಅಷ್ಟು ದೊಡ್ಡದಾಗಿ ಕೇಳಿಸಿದ್ದು ಅದೇ ಮೊದಲು. ಮೇಡಂ ಬರೆಯುವ ಖಡುವನ್ನು ಬೆರಳುಗಳ ನಡುವೆ ತಿರುಗಿಸುತ್ತ ಗೋಡೆಯ ಕರಿಯ ಫಳದ ಕಡೆ ನೋಡಿದರು, ತಾವೇ ಬರೆದದ್ದನ್ನು ಮತ್ತೊಮ್ಮೆ ಓದಿದರು. ಇದನ್ನು ಹೀಗೇ ಒಪ್ಪಿಕೊಂಡು ಮುಂದೆ ಹೋಗೋಣ ಎಂದು ಅಂಗೈಯಿಂದಲೇ ಫಳ ಒರೆಸಿ, ಅದೇ ಕೈಯಿಂದ ಹಣೆಯ ಬೆವರು ಒರೆಸಿಕೊಂಡರು. ಹಣೆಯ ಮೇಲೆ ಬೆಳ್ಳಗೆ ಪಟ್ಟೆ ಉಳಿಯಿತು. ತಾಸು ಮುಗಿದು ಅವರು ಬಾಗಿಲು ದಾಟುವಾಗ ದಿಲಶಾದ ಮುಂದಿನ ಬೆಂಚಿನಲ್ಲೇ ಇದ್ದಳು. ಮೇಡಂ, ಹಣೆಗೆ ಖಡು ಹತ್ತೇತ್ರಿ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಆ ಪಟ್ಟೆಯನ್ನು ಹೊತ್ತುಕೊಂಡೇ ಅವರು ಎರಡನೆಯ ವರ್ಷದವರ ತರಗತಿಗೆ ಹೋದರು. ಸಂಜೆಯೊಳಗೆ ಹುಡುಗರು ಅವರಿಗೆ 'ರಿಕಾಮಿ ಮೇಡಂ' ಎಂದು ಹೆಸರಿಟ್ಟಾಗಿತ್ತು. ರಿಕಾಮಿ ಎಂದರೆ ಖಾಲಿ. ಅದನ್ನು ಕೇಳಿ ಕಾಜಲ್ ನಕ್ಕಳು. ದಿಲಶಾದಳೂ ನಕ್ಕಳು. ಹೆಸರೊಂದು ತನ್ನಿಂದ ಬಿಟ್ಟು ಇನ್ನೊಬ್ಬರಿಗೆ ಹತ್ತಿತಲ್ಲ ಎನ್ನುವ ಸಮಾಧಾನ ಆ ನಗೆಯಲ್ಲಿತ್ತು ಎಂಬುದು ಅವಳಿಗೆ ಆಗ ಗೊತ್ತಿರಲಿಲ್ಲ. ಈಗ ಗೊತ್ತು.

ಗಾಡಿ ಒಂದು ತಿರುವಿನಲ್ಲಿ ನಿಂತು ಹಾಲಿನ ಕ್ಯಾನುಗಳನ್ನು ಹತ್ತಿಸಿಕೊಂಡಿತು. ಕಂಡಕ್ಟರು ಯಾರ ಮೇಲೋ ಒದರಾಡುತ್ತಿದ್ದ. ಅವಳ ಕಣ್ಣ ಮುಂದೆ ರವಿವಾರದ ಮನೆ ಬಂದು ನಿಂತಿತು. ಅಕ್ಕ ಸುಲತಾನಾಳನ್ನು ನೋಡಲು ಚಡಚಣದಿಂದ ಗಂಡಿನ ಕಡೆಯವರು ಬಂದಿದ್ದರು. ಹೊಸ ಗಾದಿಗಳನ್ನು ಹಾಸಿ ಬಂದವರನ್ನು ಕೂಡ್ರಿಸಲಾಗಿತ್ತು. ಅಬ್ಬಾ ಶೌಕತನ ಅಕ್ಕ ರಹಿಮಾ, ಇವರಿಗೆಲ್ಲ ಫುಫು, ಅಂಥ ಹೊತ್ತಿನಲ್ಲಿ ಮಾತಿನ ಹೊಣೆ ಹೊರುವವಳು. ಮನೆಯಲ್ಲಿ ಸುಲತಾನಾ, ದಿಲಶಾದ, ಸಣ್ಣವಳು ಅಲ್ಮಾಸ ಮೂವರೂ ಹೆಣ್ಣುಮಕ್ಕಳೇ. ಅದನ್ನು ಬೀಗರು ಕೊರತೆಯೆಂದು ಎಣಿಸಿಬಿಟ್ಟಾರು ಎನ್ನುವ ಅಳುಕೂ ಫುಫುವಿಗಿತ್ತು. ಹುಡುಗನ ಚಾಚಾ ಅಸ್ಲಮ್ ಎಂಬಾತ ತಮ್ಮ ಮನೆತನದ ಗುಣ ಹೇಳುತ್ತ, ನಮ್ಮ ಹುಡುಗರು ಬೀಡಿ ಸೈತ ಮುಟ್ಟುವುದಿಲ್ಲ ಎಂದ. ಫುಫು ಬಿಡುತ್ತಾಳೆಯೇ.

"ನಮ್ಮ ಮನ್ಯಾಗೂ ಹಂಗರಿ. ಶೌಕತನ ಗಂಡಮಕ್ಕಳೊಳಗ ಒಬ್ಬ ಕುಡಕ ಇಲ್ಲ ನೋಡ್ರಿ."

ಒಳಗಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಅಸ್ಲಮ್ ಚಾಚಾನೂ ಮಾತಿನವನೇ. "ಗಂಡಮಕ್ಕಳ ಇಲ್ಲಲ್ಲ ಆಪಾ. ಹಂಗಾದ್ರ ಶೌಕತಭಾಯಿ ಗಂಡಮಕ್ಕಳೆಲ್ಲಾ ಕುಡಕರು ಅಂತ ನಾ ಅಂದ್ರೂ ಅದೂ ಖರೇನ ಆತು," ಎಂದ.

"ಅನ್ರಿ, ಯಾರ ಬ್ಯಾಡಂತಾರ. ಖರೇನ ಇರಲಿ ಅದೂ. ಆದ್ರ ಈ ಮನೀಗೆ ಕೆಟ್ಟ ಹೆಸರ ಹಚ್ಚಬೇಕಂದ್ರ ಕುಡದ ಬಿದ್ದಾವ ಒಬ್ಬನ್ನರ ಹಿಡಕೊಂಡ ಬಂದ ನಿಂದ್ರಸಬೇಕಲ್ಲ. ಎಲ್ಲಿಂದ ತರ್ತೀರಿ?"

ಎಲ್ಲರೂ ನಕ್ಕರು. ಸುಮ್ಮಸುಮ್ಮನೆ ನಗದ ಅಬ್ಬಾನೂ ನಕ್ಕ. ದಿಲಶಾದ ಚಹಾದ ತಾಟು ಹಿಡಿದುಕೊಂಡು ಹೊಸ್ತಿಲ ಮೇಲೆಯೇ ನಿಂತುಬಿಟ್ಟಳು. ಅಮ್ಮಾ ಹಿಂದಿನಿಂದ ಬೆನ್ನು ತಿವಿದು, ಚಹಾ ಆರತೈತಿ ಹೋಗ ಎಂದದ್ದು ಬಹಳ ದೂರದಿಂದ ಕೇಳಿಸಿತು. ಎರಡೂ ಮಾತು ಖರೆ. ಆದರೆ ಅವು ಒಂದಕ್ಕೊಂದು ಜಗಳ ಆಡುವುದಿಲ್ಲ. ಯಾವ ಬಿಂದುವಿಗೂ ಜಾಗವಿಲ್ಲ ಎಂದು ಎಷ್ಟು ಸಲ ಕೂಗಿದರೂ ಓಪನ್ ಅಲ್ಲ ಎನ್ನಲು ಅಷ್ಟು ಸಾಲದು. ಜಾಗವಿಲ್ಲದ ಬಿಂದು ಒಂದನ್ನಾದರೂ ತಂದು ನಿಲ್ಲಿಸಬೇಕು. ಶೂನ್ಯ ಗಣದಿಂದ ಯಾರನ್ನು ತರುವುದು. ಮೇಡಂ ಸರಿ ಇದ್ದರು. ತಿಳಿದಾಗ ಮೊದಲು ಬಂದದ್ದು ಸಂತೋಷವೇ, ಮೂಲೆಯಲ್ಲಿ ದೀಪ ಹತ್ತಿದಂಥ ಸಂತೋಷ. ಆ ಬೆಳಕಿಗೆ ಎರಡನೆಯದಾಗಿ ಕಂಡದ್ದು ಹಣೆಯ ಮೇಲಿನ ಬಿಳಿಯ ಪಟ್ಟೆ.

ಅಲ್ಲಿಂದ ಇಲ್ಲಿಯ ತನಕ ಅವಳು ಯಾರಿಗೂ ಹೇಳಲಿಲ್ಲ. ಹೇಳಬಾರದು ಎಂದು ನಿಶ್ಚಯ ಮಾಡಿದ್ದಳೇ ಎಂದರೆ ಅದೂ ಇಲ್ಲ. ಯಾರಾದರೂ, ನೀ ಅವತ್ತು ಹೇಳಿದ್ದು ಬರೋಬರ್ ಐತೇನು ಎಂದು ಕೇಳಿದ್ದರೆ ಆ ಗಳಿಗೆಯೇ ಹೇಳಿಬಿಡುತ್ತಿದ್ದಳು. ಕೇಳಿದವರಿಗೆಲ್ಲ ನಾನು ನಿಜವನ್ನೇ ಹೇಳಿದ್ದೇನೆ ಎಂದು ಅವಳು ತನಗೆ ತಾನೇ ಅಂದುಕೊಂಡಳು, ಕೇಳಿದವರು ಒಬ್ಬರೂ ಇಲ್ಲ ಎನ್ನುವುದು ಕೂಡಲೇ ಹೊಳೆಯಿತು. ಗಣಿತದಲ್ಲಿ ತಾನಾಗಿಯೇ ಕಟ್ಟಿದ ಮೊದಲನೆಯ ಉದಾಹರಣೆ ಇದೇ ಆಯಿತಲ್ಲ ಎಂದು ಅವಳಿಗೆ ಅಸಹ್ಯವಾಯಿತು. ಕಿಟಕಿಯಾಚೆ ಬಿಟ್ಟ ಹತ್ತಿಯ ಎಳೆಯೊಂದು ಗಾಳಿಗೆ ತಿರುಗಿ ಬಂದು ಹಿಂದಿನ ಸೀಟಿನ ಮುದುಕನ ರುಮಾಲಿನ ಮೇಲೆ ಕುಳಿತಿತು. ಅವನಿಗೆ ಅದು ತಿಳಿಯಲಿಲ್ಲ.

ಕಾಲೇಜಿನಲ್ಲಿ ಬೆಳಗಿನ ತಾಸುಗಳು ಹೇಗೆ ಹೋದವೋ. ಮಧ್ಯಾಹ್ನ ಅವಳು ಸೋಮನಾಥ ಸರ್ ಅವರ ಖೋಲಿಗೆ ಹೋದಾಗ ಶಿವಪುತ್ರ ಆಗಲೇ ಬಂದು ಕುರ್ಚಿಯ ಅಂಚಿನಲ್ಲಿ ಕುಳಿತಿದ್ದ. ಬೆಂಚು ಬಡಿಯುವುದರಲ್ಲಿ ಮುಂದಿದ್ದವನು ಅವನೇ. ಇಲ್ಲಿ ಮಾತ್ರ ಕೈಗಳನ್ನು ತೊಡೆಯ ಮೇಲೆ ಜೋಡಿಸಿಟ್ಟುಕೊಂಡಿದ್ದ. ಸರ್ ಚಹಾ ತರಿಸಿದ್ದರು. ಅದನ್ನು ಕುಡಿಯದಿದ್ದರೆ ಅವಿಧೇಯತೆಯಾದೀತು, ಕುಡಿದರೆ ಏನೋ ಒಪ್ಪಿಕೊಂಡ ಹಾಗಾದೀತು ಎಂದು ಅವಳು ಕಪ್ಪನ್ನು ಹಿಡಿದುಕೊಂಡೇ ಕುಳಿತಳು. ಸರ್ ಕೇಳಿದ್ದಕ್ಕೆಲ್ಲ ಶಿವಪುತ್ರ ಉತ್ತರ ಕೊಟ್ಟ. ಮೇಡಂ ಹೊತ್ತಿಗೆ ಸರಿಯಾಗಿ ಬರುತ್ತಾರೆ. ಪಾಠ ಸಾವಕಾಶ. ಮರಾಠಿ ಸ್ವಲ್ಪ ಬಾಲಗಾಂವದ್ದು, ಕನ್ನಡ ಬೆರೆತದ್ದು. ಅದಕ್ಕೆ ಸರ್ ಕಿರುನಗೆ ನಕ್ಕರು. ಅಬ್ಬಾ ಅಂಗಡಿಯಲ್ಲಿ ಗಿರಾಕಿಗಳು ಎದುರಿಗೆ ಇಲ್ಲದವರ ಮಾತು ತೆಗೆದರೆ ಯಂತ್ರ ಬಂದ್ ಮಾಡಿ ಸುಮ್ಮನೆ ಕುಳಿತುಬಿಡುತ್ತಿದ್ದ. ಖರೆ ಇದ್ದರೂ ಅದು ಗೀಬತ್, ಇಲ್ಲದವರ ಬೆನ್ನ ಹಿಂದೆ ಆಡಿದ ಖರೆಯೇ ಗೀಬತ್, ಸುಳ್ಳಾದರೆ ಅದರ ಹೆಸರೇ ಬೇರೆ ಎನ್ನುತ್ತಿದ್ದ. ಇಲ್ಲಿ ಬಂದ್ ಮಾಡಲು ಯಾವ ಯಂತ್ರವೂ ಇರಲಿಲ್ಲ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು.

ಹೋದ ವಾರ ನೀನು ಕೇಳಿದ ಪ್ರಶ್ನೆಗೆ ಮೇಡಂ ಉತ್ತರ ಕೊಡಲಿಲ್ಲ, ಹೌದಲ್ಲ ಎಂದು ಸರ್ ಅವಳ ಕಡೆ ತಿರುಗಿದರು. ಹೌದು ಎಂದಳು. ಅದು ನಿಜವೇ. ಆ ನಿಜ ಬಾಯಿಂದ ಎಷ್ಟು ಸಲೀಸಾಗಿ ಜಾರಿ ಮೇಜಿನ ಮೇಲೆ ಬಿತ್ತೆಂದರೆ ಅದನ್ನು ಹಿಂದಕ್ಕೆ ಎತ್ತಿಕೊಳ್ಳುವ ಹಾಗೆ ಅವಳು ಮುಂದಕ್ಕೆ ಬಾಗಿದಳು. "ಆದ್ರ ನಂದ ತಪ್ಪಿತ್ರಿ ಸರ್. ಮೇಡಂ ಹೇಳಿದ್ದ ಬರೋಬರ್ ಐತ್ರಿ." ಗಡಿಬಿಡಿಯಲ್ಲಿ ಕನ್ನಡ ಬಂದಿತ್ತು. ಸರ್‌ಗೆ ಕನ್ನಡ ತಿಳಿಯುತ್ತದೆ, ಆಡುವುದಿಲ್ಲ. ಹುಬ್ಬೇರಿಸಿ ಮರಾಠಿಯಲ್ಲೇ, ಹೌದಾ, ಹಾಗಾದರೆ ನನಗೆ ತಿಳಿಸಿ ಹೇಳು ನೋಡೋಣ, ಎಂಪ್ಟಿ ಸೆಟ್ ಯಾಕೆ ಓಪನ್ ಎಂದರು. ಕಪ್ಪನ್ನು ಇಟ್ಟು ಅವಳು ಶುರು ಮಾಡಿದಳು. ಮೊದಲಿಗೆ ಫುಫುವಿನ ಮಾತೇ ನಾಲಿಗೆಗೆ ಬಂತು. ನಮ್ಮ ಮನೆಯಲ್ಲಿ ಕುಡುಕರು ಎನ್ನುವಷ್ಟರಲ್ಲಿ ಶಿವಪುತ್ರ ತಲೆಯೆತ್ತಿದ. ನಾಳೆ ಬೆಂಚುಗಳ ನಡುವೆ ಆ ಮಾತು ಯಾವ ವೇಷ ಹಾಕಿಕೊಂಡು ಓಡಾಡುತ್ತದೆಂದು ಅವಳಿಗೆ ಕಂಡಂತಾಯಿತು. ಅದನ್ನು ನುಂಗಿ, ಬಿಂದು, ಜಾಗ ಎಂದು ಮರಾಠಿಯಲ್ಲಿ ಹೊಸದಾಗಿ ಶುರು ಮಾಡಿದಳು. ಅರ್ಧ ದಾರಿಯಲ್ಲಿ 'ಯಾವ ಬಿಂದುವಿಗೂ' ಎನ್ನಬೇಕಾದಲ್ಲಿ 'ಒಂದು ಬಿಂದುವಿಗೆ' ಎಂದಳು. ತಿದ್ದಿಕೊಳ್ಳಲು ಹೋಗಿ ಮೊದಲನೆಯ ಸಾಲೇ ಕೈ ಬಿಟ್ಟಿತು. ಹೊಸ್ತಿಲ ಮೇಲೆ ಅಷ್ಟು ನಿಚ್ಚಳವಾಗಿದ್ದದ್ದು ಈಗ ಬಾಯಲ್ಲಿ ಹಸಿ ಹತ್ತಿಯ ಹಾಗೆ ಮುದ್ದೆಯಾಯಿತು. ಫಳದ ಮುಂದೆ ಖಡು ತಿರುಗಿಸುತ್ತ ನಿಂತ ಮೇಡಂಗೆ ಒಳಗಿನಿಂದ ಹೇಗಿತ್ತೆಂದು ಅವಳಿಗೆ ಆಗ ಗೊತ್ತಾಯಿತು.

ಸರ್ ಮರುಕದಿಂದಲೇ ನಕ್ಕರು. ನಿನ್ನ ಮನಸ್ಸು ಚೆನ್ನಾಗಿದೆ, ಯಾರಿಗೂ ಕೆಟ್ಟದ್ದು ಬಯಸುವವಳಲ್ಲ ನೀನು, ಆದರೆ ದಯೆ ತೋರಿಸುವುದಕ್ಕೆ ಗಣಿತ ಬದಲು ಮಾಡಬಾರದು ಎಂದರು. ಶಿವಪುತ್ರನೂ ನಕ್ಕ. ಚಹಾ ಕುಡಿ ಎಂದು ಸರ್ ಹೇಳಿದ್ದಕ್ಕೆ ಅವಳು ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದಳು. ನಿಜ ಹೇಳಿದರೆ ಶಿಕ್ಷೆಯಾದೀತು ಎಂದು ಹೆದರಿದ್ದಳು. ಶಾಬಾಸಕಿ ಸಿಕ್ಕೀತು ಎಂದು ಅವಳಿಗೆ ಹೊಳೆದಿರಲಿಲ್ಲ.

ಜಿನೆ ಇಳಿದು ಬಂದರೆ ವರಾಂಡದ ಕಟ್ಟೆಯ ಮೇಲೆ ಅನುರಾಧಾ ಮೇಡಂ ಒಬ್ಬರೇ ಕುಳಿತು ಬುತ್ತಿ ಉಣ್ಣುತ್ತಿದ್ದರು. ತಾಸಿನ ಲೆಕ್ಕದವರಿಗೆ ಕೂಡ್ರಲು ಬೇರೆ ಖೋಲಿ ಇರಲಿಲ್ಲ. ರೊಟ್ಟಿಯ ಮೇಲೆ ಪುಂಡಿಪಲ್ಯ, ಅರ್ಧ ಉಳ್ಳಾಗಡ್ಡಿ. ಕಂಡೂ ಕಾಣದಂತೆ ದಾಟಿ ಹೋಗಲು ಜಾಗವಿರಲಿಲ್ಲ. ಬಾ ಎಂದು ಅವರೇ ಕರೆದರು, ಮುಖ ನೋಡಿ, ಸರ್ ಕರಿಸಿದ್ರೇನು ಎಂದು ಕೇಳಿದರು. ದಿಲಶಾದ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು: ತನಗೆ ತಿಳಿದದ್ದು, ತಿಳಿದ ಮೇಲೂ ಸುಮ್ಮನಿದ್ದದ್ದು, ಈಗ ಹೇಳಲು ಹೋಗಿ ತಡವರಿಸಿದ್ದು. ಮೇಡಂ ಕೇಳುತ್ತ ರೊಟ್ಟಿ ಮುರಿದರು. ಆಮೇಲೆ ಇನ್ಯಾರದೋ ಸಂಗತಿ ಹೇಳುವವರ ಹಾಗೆ, ನನಗೆ ನಿನ್ನೆ ಮುಂಜಾನೆಯೇ ಹೇಳಿಬಿಟ್ಟಿದ್ದಾರೆ, ಜೂನಿನಿಂದ ಬರುವುದು ಬೇಡವಂತೆ, ಸರ್ ಅವರ ಕಡೆಯವರು ಒಬ್ಬರು ಬರುತ್ತಾರೆ, ನಿಮ್ಮನ್ನು ಕೇಳಿದ್ದು ಬರೀ ತೋರಿಕೆಗೆ ಎಂದರು.

ದಿಲಶಾದಳ ಎದೆಯೊಳಗೆ ಏನೋ ಸಡಿಲಾಯಿತು. ಹಾಗಾದರೆ ತನ್ನಿಂದ ಆದದ್ದಲ್ಲ. ತಾನು ಹೇಳಿದರೂ ಬಿಟ್ಟರೂ ಒಂದೇ. ಅಷ್ಟು ದಿನ ಹೊತ್ತದ್ದನ್ನು ಈ ಕಟ್ಟೆಯ ಮೇಲೆ ಇಳಿಸಿ ಮನೆಗೆ ಹೋಗಬಹುದು. ಆ ಹಗುರ ಮುಖದ ಮೇಲೆ ಕಂಡೀತೆಂದು ಅವಳು ತಲೆ ತಗ್ಗಿಸಿದಳು. ತನ್ನ ಮಾರಿಯನ್ನು ಓದುವ ಕಣ್ಣು ಅವರದು, ಕಂಡೇ ಇರಬೇಕು.

"ಸರ್ ಮುಂದ ಯಾಕ ಹೇಳಾಕ ಹೋದಿ?" ಎಂದರು ಮೇಡಂ. ಸಿಟ್ಟಿರಲಿಲ್ಲ, ಕೇಳುವುದಕ್ಕಷ್ಟೇ ಕೇಳಿದ ಹಾಗಿತ್ತು. "ನೀ ಕೇಳಿದ್ದು ಕ್ಲಾಸಿನ್ಯಾಗ."

ಕಡೆಯ ತಾಸು ಅವರದೇ ಇತ್ತು. ಮೇಡಂ ಒಳಗೆ ಬಂದು ಹಾಜರಿ ತೆಗೆದುಕೊಳ್ಳುವಾಗ ಹಿಂದಿನಿಂದ ಯಾರೋ ಸಣ್ಣಗೆ, ರಿಕಾಮಿ ಎಂದರು; ಅವರು ಕೇಳದವರಂತೆ ಮುಂದಿನ ಹೆಸರು ಓದಿದರು. ದಿಲಶಾದ ತನ್ನ ಹೆಸರಿಗೆ ಎದ್ದವಳು ಕೂಡ್ರಲಿಲ್ಲ. ಕಾಜಲ್ ಅವಳ ಓಢಣಿ ಹಿಡಿದು ಜಗ್ಗಿದಳು. ಜೂನಿನ ಮಾತು ಮುಗಿದುಹೋಗಿದೆ, ಇನ್ನು ಇದರಿಂದ ಯಾರಿಗೂ ಏನೂ ಸಿಗುವುದಿಲ್ಲ, ಸಿಕ್ಕರೆ ತನಗೇ ಒಂದು ಹೊಸ ಹೆಸರು ಸಿಗಬಹುದು ಎಂದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ಮೇಡಂ, ಹೋದ ವಾರದ್ದು ಒಂದು ಹೇಳುವುದಿದೆ ಎಂದಳು. ಮೇಡಂ ಖಡುವನ್ನು ಮುಂದೆ ಹಿಡಿದರು.

ಫಳದ ಮುಂದೆ ನಿಂತಾಗ ಎಲ್ಲರಿಗೂ ಬೆನ್ನು ತೋರಿಸುವ ಅನುಕೂಲವಿತ್ತು. ಸೋಮನಾಥ ಸರ್ ಎದುರಿಗೆ ಕೈ ಬಿಟ್ಟ ಮೊದಲನೆಯ ಸಾಲನ್ನೇ ಅವಳು ಬರೆದಳು, ಅದರ ಕೆಳಗೆ ಎರಡನೆಯದು. ಬರೆದದ್ದನ್ನು ಮರಾಠಿಯಲ್ಲಿ ಓದಿದಳು. ಪ್ರತಿ ಬಿಂದುವಿಗೂ ಜಾಗ ಇದೆ: ಇದು ಖರೆ, ಸುಳ್ಳೆನ್ನಲು ಒಂದು ಬಿಂದು ಬೇಕು, ಇಲ್ಲ. ಈ ಸಲ ಸಾಲುಗಳು ಜಾಗ ಬಿಟ್ಟು ಕದಲಲಿಲ್ಲ. ತಾನು ಅವತ್ತು ಕೇಳಿದ್ದನ್ನೂ ಪಕ್ಕದಲ್ಲಿ ಬರೆದಳು. ಆಗ ಹಿಂದಿನಿಂದ ಮೇಡಂ, ತರಗತಿಗೆಲ್ಲ ಕೇಳುವಂತೆ ಎಂದೂ ಆಡದ ಕನ್ನಡದಲ್ಲಿ ಕೇಳಿದರು.

"ಯಾವ ಬಿಂದುವಿಗೂ ಜಾಗಾ ಇಲ್ಲ ಅನ್ನೂದು? ಅದು ಸುಳ್ಳೇನು?"

"ಇಲ್ರಿ. ಅದೂ ಖರೇನ್ರಿ."

"ಮತ್ತ ಓಪನ್ ಅಲ್ಲ ಅಂದಂಗಾತಲ್ಲ."

"ಇಲ್ರಿ ಮೇಡಂ." ಅವಳು ತಿರುಗಿ ನಿಂತಳು. ತಿರುಗಿದಾಗ ಅಷ್ಟೂ ಮುಖಗಳು ಕಂಡವು, ಶಿವಪುತ್ರನದೂ. "ಅಲ್ಲ ಅನ್ನಬೇಕಂದ್ರ ಜಾಗಾ ಇಲ್ಲದ್ದು ಒಂದರ ತಂದ ತೋರಸಬೇಕ್ರಿ. ನಾ ಅವತ್ತ ಏನೂ ತರಲಿಲ್ಲ. ಬರೇ ಮಾತಾಡಿದೆ. ನಾನ ತಪ್ಪಿದ್ದೆ. ನಿಮ್ಮದು ಬರೋಬರ್ ಇತ್ತು."

ಕನ್ನಡ ಬಾರದವರು ಬಲ್ಲವರನ್ನು ಏನೆಂದಳು ಏನೆಂದಳು ಎಂದು ಕೇಳುವ ಗುಸುಗುಸು ಎದ್ದಿತು. ಒಂದು ಬೆಂಚಿನಿಂದ, ರಿಕಾಮಿಗೆ ಒಬ್ಬ ಶಿಷ್ಯೆ ಸಿಕ್ಕಳು ಎಂದು ಮರಾಠಿಯಲ್ಲಿ ಬಂತು. ನಾಲ್ಕು ಮಂದಿ ನಕ್ಕರು. ಬೆಂಚು ಮಾತ್ರ ಯಾರೂ ಬಡಿಯಲಿಲ್ಲ. ದಿಲಶಾದ ಮೇಡಂ ಕಡೆ ನೋಡಿದಳು. ಈಗ ಅವರು ಒಂದು ಸಣ್ಣ ನಗೆಯನ್ನಾದರೂ ನಗಬಹುದು, ಕೂಡ್ರವ್ವಾ ಎನ್ನಬಹುದು, ಅದರಿಂದ ಅವತ್ತಿನ ದಿನ ಅಳಿಸಿಹೋಗಬಹುದು ಎಂದು ಕಾದಳು. ಮೇಡಂ ನಗಲಿಲ್ಲ. ಅವರು ಫಳದ ಮೇಲಿನ ಎರಡೂ ಸಾಲುಗಳನ್ನು ಓದಿದರು, ಎರಡನೆಯದರಲ್ಲಿ ಬಿಟ್ಟುಹೋಗಿದ್ದ ಒಂದು ಚಿಹ್ನೆಯನ್ನು ತೋರಿಸಿ ಹಾಕಿಸಿದರು. ಆಮೇಲೆ ತರಗತಿಯ ಕಡೆ ತಿರುಗಿ, ಎಲ್ಲರಿಗೂ ತಿಳಿಯುವ ಮರಾಠಿಯಲ್ಲಿ, ಬಾಲಗಾಂವದ ಮರಾಠಿಯಲ್ಲಿಯೇ, ನಿಧಾನವಾಗಿ ಹೇಳಿದರು. ದಿಲಶಾದ ಹೇಳಿದ್ದರಲ್ಲಿ ಒಂದು ತಿದ್ದುವುದಿದೆ. ಅವಳು ಕೇಳಿದ ಪ್ರಶ್ನೆ ತಪ್ಪಾಗಿರಲಿಲ್ಲ, ಕೇಳಲೇಬೇಕಾದ ಪ್ರಶ್ನೆ ಅದು. ಅದರಿಂದ ತೆಗೆದ ತೀರ್ಮಾನ ತಪ್ಪು. ಮತ್ತೆ ನಾನು ಬರೋಬರ್ ಇದ್ದೆ ಎಂದಳು, ಅದೂ ಅಷ್ಟು ಬರೋಬರ್ ಅಲ್ಲ. ನಾನು ಹೇಳಿದ ಮಾತು ಖರೆ ಇತ್ತು. ಅದು ಯಾಕೆ ಖರೆ ಎಂದು ಅವತ್ತು ನನಗೆ ಗೊತ್ತಿರಲಿಲ್ಲ. ಮನೆಗೆ ಹೋಗಿ ಕುಳಿತ ಮೇಲೆ ಗೊತ್ತಾಯಿತು. ಮರುದಿನವೇ ಬಂದು ನಿಮಗೆ ಹೇಳಬೇಕಿತ್ತು, ಹೇಳಲಿಲ್ಲ.

ನಕ್ಕವರಿಗೆ ಈಗ ಎಲ್ಲಿ ನೋಡಬೇಕೆಂದು ತಿಳಿಯದಾಯಿತು. ದಿಲಶಾದಳಿಗೆ ಮೊದಲು ಪೆಟ್ಟು ಬಿದ್ದ ಹಾಗಾಯಿತು. ಅವರಿಗೆಂದು ಅಷ್ಟು ದೂರದಿಂದ ಹೊತ್ತು ತಂದದ್ದನ್ನು ಅವರು ಅರ್ಧವಷ್ಟೇ ತೆಗೆದುಕೊಂಡು ಉಳಿದರ್ಧವನ್ನು ಎಲ್ಲರ ಮುಂದೆ ಮರಳಿಸಿದ್ದರು. ನಿಮ್ಮದು ಬರೋಬರ್ ಇತ್ತು ಎಂದಾಗ ತಾನು ಅವರಿಗೆ ಕೊಡುತ್ತಿದ್ದದ್ದು ದಾನವಾಗಿತ್ತು, ಅದರಲ್ಲಿ ಕೊಡುವವಳ ಕೈ ಮೇಲಿತ್ತು. ಸೋಮನಾಥ ಸರ್ ಹೇಳಿದ ದಯೆಯ ಮಾತಿನಲ್ಲಿ ಒಂದು ಎಳೆಯಷ್ಟು ನಿಜವಿತ್ತಲ್ಲ ಎಂದು ಅವಳ ಕಿವಿ ಬಿಸಿಯಾಯಿತು. ಹೀಗೆ ನಿಂತು, ನನಗೆ ಗೊತ್ತಿರಲಿಲ್ಲ ಎಂದು ಧ್ವನಿ ತಗ್ಗಿಸದೆ ಹೇಳುವುದನ್ನು ಅವಳು ಎಲ್ಲಿಯೂ ಕಂಡಿರಲಿಲ್ಲ, ಮನೆಯಲ್ಲಿ, ಸಾಲಿಯಲ್ಲಿ, ಇಲ್ಲಿ ಎಲ್ಲಿಯೂ. ಸೀರೆಯ ಅಂಚು ಮಾಸಿದ, ಜೂನಿನಿಂದ ಈ ಖೋಲಿಗೆ ಬಾರದ ಈ ಹೆಂಗಸು 'ಗೊತ್ತಿರಲಿಲ್ಲ' ಎಂಬುದನ್ನೂ ಒಂದು ಸಾಲಿನಂತೆ ಬರೆದು ಅದರ ಕೆಳಗೆ ಗೆರೆ ಎಳೆದಿದ್ದರು.

ಶಿವಪುತ್ರ ಕೈ ಎತ್ತಿದ. ಮೇಡಂ ಹೇಳು ಎಂದರು. ಅವನು ಎದ್ದು, ಇನ್ನೊಮ್ಮೆ ಹೇಳಿ ಮೇಡಂ, ಆ ಎರಡೂ ಮಾತು ಹೇಗೆ ಖರೆ ಆಗುತ್ತವೆ, ನನಗೆ ತಿಳಿಯಲಿಲ್ಲ ಎಂದ. ಚೇಷ್ಟೆಗೆ ಕೇಳಿದನೋ ನಿಜಕ್ಕೋ ಅವನ ಮುಖದಿಂದ ಹೇಳಲಾಗುತ್ತಿರಲಿಲ್ಲ. ಬಹುಶಃ ಚೇಷ್ಟೆಗೆಂದು ಎದ್ದವನು ನಿಂತ ಮೇಲೆ ನಿಜಕ್ಕೇ ಕೇಳಿದ್ದ. ಮೇಡಂ ದಿಲಶಾದಳ ಕಡೆ ನೋಡಿ, ತಾವು ಹೋಗಿ ಮುಂದಿನ ಬೆಂಚಿನ ಅಂಚಿನಲ್ಲಿ, ಅವಳು ಬಿಟ್ಟುಬಂದ ಜಾಗದಲ್ಲಿ ಕಾಜಲಳ ಪಕ್ಕ ಕುಳಿತರು.

"ಸಾವಕಾಶ ಹೇಳು," ಎಂದರು. "ಗೊತ್ತಿಲ್ಲದಲ್ಲಿ ಗೊತ್ತಿಲ್ಲನ್ನು."

ಅವಳು ಖಡುವನ್ನು ಮುರಿದು ಚೂಪು ಮಾಡಿಕೊಂಡಳು. ಶಿವಪುತ್ರ ಇನ್ನೂ ನಿಂತೇ ಇದ್ದ.